ಹವಾಮಾನ ಆ್ಯಪ್‌ನ ಗ್ರಾಫ್‌ಗೆ ನಿಮ್ಮೂರಿನ ಅಳತೆ

ಇವತ್ತು 2 ಮಿ.ಮೀ. ತುಂತುರು, ಗ್ರಾಫ್‌ನಲ್ಲಿ ಮಳೆಯ ಕಂಬ ನೆತ್ತಿ ಮುಟ್ಟಿದೆ. ಮುಂದಿನ ವಾರ 60 ಮಿ.ಮೀ. ಸುರಿಯಲಿದೆ, ಆಗಲೂ ಕಂಬ ಅಷ್ಟೇ ಎತ್ತರ. ಫೋನಿನ ಬಹುಪಾಲು ಹವಾಮಾನ ಆ್ಯಪ್‌ಗಳು ಗ್ರಾಫ್ ಬಿಡಿಸುವುದೇ ಹೀಗೆ. ಪರದೆಯಲ್ಲಿರುವ ಅವಧಿಯ ಅತಿ ಕಡಿಮೆ ಮತ್ತು ಅತಿ ಹೆಚ್ಚು ಅಂಕಿಗಳನ್ನು ಹುಡುಕಿ, ಅವೆರಡನ್ನೂ ಪರದೆಯ ತಳಕ್ಕೂ ತುದಿಗೂ ಎಳೆದು ಕೂರಿಸುತ್ತವೆ. ಇದಕ್ಕೆ ಆಟೋ ಸ್ಕೇಲ್ ಎನ್ನುತ್ತಾರೆ. ಗ್ರಾಫ್ ಸದಾ ತುಂಬಿಕೊಂಡು ಚೆಂದ ಕಾಣುತ್ತದೆ, ನಿಜ. ಆದರೆ ನೋಡುವವರ ಕಣ್ಣು ಹೋಗುವುದು ಎತ್ತರದ ಮೇಲೆಯೇ ಹೊರತು ಪಕ್ಕದ ಸಣ್ಣ ಅಂಕಿಗಳ ಮೇಲಲ್ಲ. ನಿನ್ನೆಯ ಚಿತ್ರವನ್ನು ಇವತ್ತಿನದರ ಜೊತೆ ಹೋಲಿಸುವ ಹಾಗೇ ಇಲ್ಲ.

ಸ್ಕೇಲನ್ನು ಊರಿನ ಹವೆಗೆ ತಕ್ಕಂತೆ ಒಮ್ಮೆ ಕಟ್ಟಿಹಾಕಿದರೆ ಈ ತೊಂದರೆ ತಪ್ಪುತ್ತದೆ. ಹತ್ತು ದಿನ ನೋಡಿದ ಮೇಲೆ ಅಂಕಿ ಓದದೆಯೇ ‘ಇದು ಕೊಡೆ ಮಳೆ, ಇದು ಕೆರೆ ತುಂಬುವ ಮಳೆ’ ಎಂದು ಕಣ್ಣಿಗೇ ತಿಳಿಯುತ್ತದೆ.

ಎಲ್ಲ ಆ್ಯಪ್‌ಗಳಲ್ಲೂ ಇದು ಸಾಧ್ಯವಿಲ್ಲ. ಫೋನಿನ ಜೊತೆಗೇ ಬರುವ ಆ್ಯಪ್‌ಗಳಲ್ಲಿ ಸಾಮಾನ್ಯವಾಗಿ ಮಿ.ಮೀ., ಇಂಚು ಎಂಬಂಥ ಅಳತೆಯ ಮಾನಗಳನ್ನಷ್ಟೇ ಬದಲಿಸಬಹುದು. ಮೀಟಿಯೋಗ್ರಾಂ, ಅಂದರೆ ತಾಪ, ಮಳೆ, ಗಾಳಿಯನ್ನು ಗಂಟೆಗಳ ಉದ್ದಕ್ಕೆ ಬಿಡಿಸಿದ ಗ್ರಾಫ್ ತೋರಿಸುವ ಆ್ಯಪ್ ಮತ್ತು ವಿಜೆಟ್‌ಗಳಲ್ಲಿ, ಮನೆಯ ಹವಾಮಾನ ಕೇಂದ್ರಗಳ ಜೊತೆ ಬರುವ ಆ್ಯಪ್‌ಗಳಲ್ಲಿ ಸೆಟ್ಟಿಂಗ್ಸ್ ಒಳಗೆ ಗ್ರಾಫ್, ಆ್ಯಕ್ಸಿಸ್ ಅಥವಾ ಸ್ಕೇಲ್ ಎಂಬ ಹೆಸರಿನಡಿ ಮಿನಿಮಮ್, ಮ್ಯಾಕ್ಸಿಮಮ್ ಖಾನೆಗಳಿವೆಯೇ ಹುಡುಕಿ. ಎಲ್ಲೂ ಇಲ್ಲದಿದ್ದರೆ ಗೂಗಲ್ ಶೀಟ್ಸ್‌ನಲ್ಲಿ ನೀವೇ ಬಿಡಿಸಿಕೊಳ್ಳಬಹುದು. ಅದರ ಕ್ರಮ ಕೊನೆಯಲ್ಲಿದೆ.

ಮೊದಲು ಮಾನ, ಆಮೇಲೆ ಸ್ಕೇಲ್

ಈ ಕ್ರಮ ತಪ್ಪಿಸಬೇಡಿ. ಮಳೆಯ ಗರಿಷ್ಠವನ್ನು 60 ಎಂದು ಕೊಟ್ಟ ಮೇಲೆ ಮಾನವನ್ನು ಮಿ.ಮೀ.ನಿಂದ ಇಂಚಿಗೆ ಬದಲಿಸಿದರೆ, ಕೆಲವು ಆ್ಯಪ್‌ಗಳು ಆ 60ನ್ನು ಹಾಗೇ ಇಟ್ಟುಕೊಳ್ಳುತ್ತವೆ. ಅರವತ್ತು ಇಂಚಿನ ಅಕ್ಷದಲ್ಲಿ ಎಂಥ ಮಳೆಯೂ ನೆಲಕ್ಕಂಟಿದ ಗೆರೆಯಾಗುತ್ತದೆ. ‘ಸ್ಕೇಲ್ ಹಾಕಿದ ಮೇಲೆ ಮಳೆಯೇ ಕಾಣುತ್ತಿಲ್ಲ’ ಎಂಬ ದೂರಿಗೆ ಬಹಳ ಸಲ ಕಾರಣ ಇದೇ.

ತಾಪಕ್ಕೆ ಸೆಲ್ಸಿಯಸ್, ಮಳೆಗೆ ಮಿ.ಮೀ., ಗಾಳಿಗೆ ಗಂಟೆಗೆ ಕಿ.ಮೀ., ಒತ್ತಡಕ್ಕೆ ಹೆಕ್ಟೊಪಾಸ್ಕಲ್: ನಮ್ಮಲ್ಲಿ ಇಷ್ಟು ಸಾಕು. ಮಿಲಿಬಾರ್ ಎಂದು ಕಂಡರೆ ಅದೂ ಹೆಕ್ಟೊಪಾಸ್ಕಲ್ಲೇ, ಅಂಕಿ ಬದಲಾಗುವುದಿಲ್ಲ. ಗಾಳಿಯ ಅಂಕಿ ಯಾಕೋ ಚಿಕ್ಕದೆನಿಸಿದರೆ ಸೆಕೆಂಡಿಗೆ ಮೀಟರ್ ಇರಬಹುದು, 3.6ರಿಂದ ಗುಣಿಸಿದರೆ ಗಂಟೆಗೆ ಕಿ.ಮೀ. ಸಿಗುತ್ತದೆ. ಒಂದು ನಾಟ್ ಎಂದರೆ ಗಂಟೆಗೆ 1.852 ಕಿ.ಮೀ. ವಿಂಡಿ ಜಾಲತಾಣದಲ್ಲಿ ಸೆಟ್ಟಿಂಗ್ಸ್ ತನಕ ಹೋಗಬೇಕಿಲ್ಲ. ನಕ್ಷೆಯ ಮೂಲೆಯ ಬಣ್ಣದ ಪಟ್ಟಿಯಲ್ಲಿ ಮಾನದ ಹೆಸರನ್ನು ಕ್ಲಿಕ್ ಮಾಡುತ್ತಾ ಹೋದರೆ ಒಂದಾದ ಮೇಲೊಂದು ಬದಲಾಗುತ್ತದೆ.

ಕೊಡಗು, ಚಿಕ್ಕಮಗಳೂರು, ಸಕಲೇಶಪುರದ ಕಾಫಿ ತೋಟಗಳವರು ಮಾತ್ರ ಮಳೆಗೆ ಇಂಚನ್ನೇ ಇಟ್ಟುಕೊಳ್ಳುವುದು ಲೇಸು. ತೋಟದ ಲೆಕ್ಕವೆಲ್ಲ ಇಂಚು ಮತ್ತು ಸೆಂಟಿನಲ್ಲಿ. ಒಂದು ಇಂಚಿಗೆ ನೂರು ಸೆಂಟು. ಆ್ಯಪ್ ಇಂಚಿನಲ್ಲಿ 0.35 ಎಂದು ತೋರಿಸಿದರೆ ಅದು ನೇರವಾಗಿ 35 ಸೆಂಟು, ಗುಣಾಕಾರದ ತಲೆಬಿಸಿ ಇಲ್ಲ. ಕಾಫಿ ಗಿಡದ ಹೂವರಳಿಸುವ ಹೂಮಳೆಯ ಕಾಲದಲ್ಲಿ 1 ಇಂಚಿಗೆ, ಅಂದರೆ 25.4 ಮಿ.ಮೀ.ಗೆ ಒಂದು ಅಡ್ಡಗೆರೆ ಹಾಕಿಕೊಂಡರೆ, ಬರಲಿರುವ ಮಳೆ ಹೂವಿಗೆ ಸಾಲುತ್ತದೋ ಸ್ಪ್ರಿಂಕ್ಲರ್ ಸಜ್ಜು ಮಾಡಬೇಕೋ ಎಂಬ ಅಂದಾಜು ಒಂದೇ ನೋಟಕ್ಕೆ ಸಿಗುತ್ತದೆ. ಆ್ಯಪ್ ದಶಮಾಂಶದ ಒಂದೇ ಸ್ಥಾನ ತೋರಿಸಿದರೆ 35 ಸೆಂಟು ಹೋಗಿ 40 ಆಗುತ್ತದೆ. ಎರಡು ಸ್ಥಾನ ತೋರಿಸುವ ಆಯ್ಕೆ ಇದ್ದರೆ ಆನ್ ಮಾಡಿ.

ಮಳೆಯ ಅಕ್ಷ

ಹೆಚ್ಚು ಹೊತ್ತು ಕೊಡಬೇಕಾದದ್ದು ಇದಕ್ಕೆ. ಕಂಬಗಳ ತಳ ಯಾವಾಗಲೂ ಸೊನ್ನೆಯೇ. ತಾಪದ ಗೆರೆ 10ರಿಂದ ಶುರುವಾದರೆ ಅಡ್ಡಿಯಿಲ್ಲ, ಏಕೆಂದರೆ ಗೆರೆಯಲ್ಲಿ ನಾವು ನೋಡುವುದು ಏರಿಳಿತ. ಕಂಬದಲ್ಲಿ ನೋಡುವುದು ಉದ್ದ. ತಳ ಸೊನ್ನೆಯಲ್ಲದಿದ್ದರೆ 20 ಮಿ.ಮೀ. ಕಂಬ 10ರದ್ದಕ್ಕೆ ಎರಡು ಪಟ್ಟಾಗಿ ಕಾಣುವುದಿಲ್ಲ.

ಗರಿಷ್ಠ ಎಷ್ಟಿರಬೇಕು ಎಂದು ತೀರ್ಮಾನಿಸುವ ಮೊದಲು ಒಂದು ಕಂಬ ಎಷ್ಟು ಹೊತ್ತಿನ ಮಳೆ ಎಂದು ನೋಡಿ. ಗಂಟೆಯದೋ, ಮೂರು ಗಂಟೆಯದೋ, ಇಡೀ ದಿನದ್ದೋ? ಕೆಲವು ಆ್ಯಪ್‌ಗಳು ಮೊದಲ ಎರಡು ದಿನ ಗಂಟೆ ಲೆಕ್ಕ ತೋರಿಸಿ, ಆಮೇಲೆ ಸದ್ದಿಲ್ಲದೆ ಮೂರು ಗಂಟೆಗೆ ಹಾರುತ್ತವೆ. ಮಳೆಯ ತೀವ್ರತೆ ಅಷ್ಟೇ ಇದ್ದರೂ ಮೂರನೇ ದಿನದಿಂದ ಕಂಬ ಮೂರು ಪಟ್ಟು ಎತ್ತರವಾಗುತ್ತದೆ. ಅಂಥ ಕಡೆ ಒಟ್ಟು ಮಿ.ಮೀ. ಬದಲು ಗಂಟೆಗೆ ಮಿ.ಮೀ. ಎಂಬ ದರದ ಆಯ್ಕೆ ಇದ್ದರೆ ಅದನ್ನೇ ಹಾಕಿ.

ದಿನದ ಮೊತ್ತದ ಗ್ರಾಫ್‌ಗೆ ಭಾರತೀಯ ಹವಾಮಾನ ಇಲಾಖೆಯ ವರ್ಗೀಕರಣವೇ ಒಳ್ಳೆಯ ಆಧಾರ. 24 ಗಂಟೆಯಲ್ಲಿ 2.5 ಮಿ.ಮೀ. ಬಿದ್ದರೆ ಅದು ಮಳೆ ದಿನ. 15.5ರವರೆಗೆ ಹಗುರ, 15.6ರಿಂದ 64.4ರವರೆಗೆ ಸಾಧಾರಣ, 64.5ರಿಂದ 115.5 ಭಾರೀ, 115.6ರಿಂದ 204.4 ಅತಿ ಭಾರೀ, 204.5 ಮತ್ತು ಅದರ ಮೇಲೆ ಅತ್ಯಧಿಕ. ಬಯಲುಸೀಮೆಗೆ ಗರಿಷ್ಠ 60 ಇಟ್ಟರೆ ವರ್ಷದ ಬಹುತೇಕ ದಿನಗಳು ಸಲೀಸಾಗಿ ಒಳಗೆ ಕೂರುತ್ತವೆ. ಕರಾವಳಿಗೆ, ಘಟ್ಟದ ಅಂಚಿಗೆ ಜೂನ್‌ನಿಂದ ಆಗಸ್ಟ್‌ವರೆಗೆ 240 ಬೇಕು. ವರ್ಷಕ್ಕೆ 7,000 ಮಿ.ಮೀ. ದಾಟುವ ಆಗುಂಬೆಗೆ 60ರ ಸ್ಕೇಲ್ ಹಾಕಿದರೆ ಜುಲೈ ಪೂರ್ತಿ ಒಂದೇ ನೀಲಿ ಗೋಡೆ. ಚಳ್ಳಕೆರೆಗೆ 240 ಹಾಕಿದರೆ ವರ್ಷವಿಡೀ ಖಾಲಿ ಹಾಳೆ.

ಈಗ ಗಟ್ಟಿ ಮಿತಿಯ ತೊಂದರೆ. 2024ರ ಜೂನ್ 2ರಂದು ಬೆಂಗಳೂರಿನಲ್ಲಿ 111.1 ಮಿ.ಮೀ. ಮಳೆಯಾಯಿತು, ಜೂನ್ ತಿಂಗಳ ಒಂದು ದಿನದ ಮಟ್ಟಿಗೆ 1891ರಿಂದ ನಿಂತಿದ್ದ ದಾಖಲೆ ಮುರಿಯಿತು. 60ಕ್ಕೆ ಕಟ್ಟಿಹಾಕಿದ ಗ್ರಾಫ್‌ನಲ್ಲಿ ಅದು 60ರ ಕಂಬದಂತೆಯೇ ಕಾಣುತ್ತದೆ, ತಲೆ ಕತ್ತರಿಸಿರುತ್ತದೆ. ಇದಕ್ಕೆ ಎರಡು ದಾರಿ. ‘ಕನಿಷ್ಠ ಇಷ್ಟರವರೆಗೆ ತೋರಿಸು, ಮೀರಿದರೆ ಹಿಗ್ಗಿಸು’ ಎಂಬ ಸಡಿಲ ಮಿತಿಯ ಆಯ್ಕೆ ಇದ್ದರೆ ಮಳೆಗೆ ಅದೇ ಶ್ರೇಷ್ಠ: ಮಾಮೂಲು ದಿನಗಳಲ್ಲಿ ಸ್ಕೇಲ್ ಕದಲುವುದಿಲ್ಲ, ಅಪರೂಪದ ದಿನ ಮಾತ್ರ ಎದ್ದು ನಿಲ್ಲುತ್ತದೆ. ಆ ಆಯ್ಕೆ ಇಲ್ಲದಿದ್ದರೆ ಕಂಬದ ಮೇಲೆ ಅಂಕಿ ಬರೆಯುವ ವ್ಯಾಲ್ಯೂ ಲೇಬಲ್ ಆನ್ ಮಾಡಿ. ಕಂಬದ ತಲೆ ಹೋದರೂ ಅಂಕಿ ಉಳಿಯುತ್ತದೆ.

ಸಣ್ಣ ಮಳೆ, ದೊಡ್ಡ ಮಳೆ ಎರಡೂ ಕಾಣಲಿ ಎಂದು ಲಾಗ್ ಸ್ಕೇಲ್, ಅಂದರೆ 1, 10, 100 ಎಂದು ಹಂತಕ್ಕೆ ಹತ್ತು ಪಟ್ಟು ಏರುವ ಸ್ಕೇಲ್ ಹಾಕುವವರಿದ್ದಾರೆ. ಮಳೆಗೆ ಅದು ಒಗ್ಗುವುದಿಲ್ಲ. ಲಾಗ್ ಅಕ್ಷದಲ್ಲಿ ಸೊನ್ನೆಗೆ ಜಾಗವೇ ಇಲ್ಲ, ನಮ್ಮ ವರ್ಷದಲ್ಲಿ ಅರ್ಧಕ್ಕಿಂತ ಹೆಚ್ಚು ದಿನಗಳು ಸೊನ್ನೆಯವೇ. ಅದರ ಬದಲು ನೇರ ಸ್ಕೇಲ್ ಇಟ್ಟುಕೊಂಡು ಮೇಲಿನ ವರ್ಗಗಳಿಗೆ ತಕ್ಕಂತೆ ಕಂಬದ ಬಣ್ಣ ಗಾಢವಾಗುವ ಹಾಗೆ ಮಾಡಿ. ಹಳದಿ, ಕಿತ್ತಳೆ, ಕೆಂಪು ಮಾತ್ರ ಬೇಡ. ಇಲಾಖೆಯ ಎಚ್ಚರಿಕೆಯ ಬಣ್ಣಗಳು ಬರೀ ಮಿ.ಮೀ. ನೋಡಿ ಕೊಡುವಂಥವಲ್ಲ, ಮಳೆ ಬರುವ ಸಾಧ್ಯತೆ ಎಷ್ಟು, ಬಂದರೆ ಆಗುವ ಪರಿಣಾಮ ಏನು ಎಂಬುದೂ ಅದರಲ್ಲಿ ಸೇರಿರುತ್ತದೆ. ಅದೇ ಬಣ್ಣಗಳನ್ನು ನಿಮ್ಮ ಗ್ರಾಫ್‌ಗೂ ಬಳಿದರೆ ಮನೆಯವರು ಅದನ್ನು ಅಧಿಕೃತ ರೆಡ್ ಅಲರ್ಟ್ ಎಂದುಕೊಳ್ಳುತ್ತಾರೆ.

ಗಂಟೆವಾರು ಗ್ರಾಫ್‌ನಲ್ಲಿ ಮುನ್ಸೂಚನೆಗೂ ಅಳೆದ ಮಳೆಗೂ ಒಂದೇ ಸ್ಕೇಲ್ ಹಾಕುವುದು ಸಾಮಾನ್ಯ ತಪ್ಪು. ಮುನ್ಸೂಚನೆ ಲೆಕ್ಕ ಹಾಕುವ ಕಂಪ್ಯೂಟರ್ ಮಾದರಿಗಳು ನೆಲವನ್ನು ಚೌಕಗಳಾಗಿ ಹಂಚಿಕೊಳ್ಳುತ್ತವೆ. ಯೂರೋಪಿನ ಮಾದರಿಯ ಒಂದು ಚೌಕ ಸುಮಾರು 9 ಕಿ.ಮೀ., ಅಮೆರಿಕದ ಜಿಎಫ್‌ಎಸ್ ಅಂಕಿಗಳು ಸಿಗುವುದು ಕಾಲು ಡಿಗ್ರಿಯ, ಅಂದರೆ ಸುಮಾರು 28 ಕಿ.ಮೀ. ಚೌಕದಲ್ಲಿ. ಏಪ್ರಿಲ್–ಮೇ ತಿಂಗಳ ಗುಡುಗು ಮಳೆ ಒಂದು ಬಡಾವಣೆಯಲ್ಲಿ ಬಂದು ಪಕ್ಕದ ಬಡಾವಣೆಯಲ್ಲಿ ಇರುವುದಿಲ್ಲ. ಇಡೀ ಚೌಕಕ್ಕೆ ಸರಾಸರಿ ಹಂಚಿದಾಗ 40 ಮಿ.ಮೀ. ಸುರಿಮಳೆ ಗ್ರಾಫ್‌ನಲ್ಲಿ 3–4 ಆಗಿ ಬರಬಹುದು. ಆದ್ದರಿಂದ ಮುನ್ಸೂಚನೆಯ ಗಂಟೆವಾರು ಅಕ್ಷಕ್ಕೆ 10, ಮನೆಯ ಮಳೆಮಾಪಕದ ಗಂಟೆವಾರು ಅಕ್ಷಕ್ಕೆ 50 ಇಡಿ. ಮುನ್ಸೂಚನೆಯಲ್ಲಿ ಬೇಸಿಗೆಯ ಸಂಜೆ 3 ಮಿ.ಮೀ. ಕಂಬ ಎದ್ದರೆ ಅದನ್ನು ‘ಆಸುಪಾಸಿನಲ್ಲಿ ಎಲ್ಲೋ ಜೋರು ಮಳೆ’ ಎಂದು ಓದಿಕೊಳ್ಳಿ.

ಶೇಕಡಾವಾರು ಸಾಧ್ಯತೆಯನ್ನು ಮಳೆಯ ಕಂಬದ ಅಕ್ಷದಲ್ಲೇ ಬಿಡಿಸುವ ಆ್ಯಪ್‌ಗಳೂ ಇವೆ. 80 ಎಂದರೆ ಶೇ. 80 ಸಾಧ್ಯತೆಯೋ 80 ಮಿ.ಮೀ. ಮಳೆಯೋ? ಶೇ. 80 ಸಾಧ್ಯತೆಯ ಮಳೆ 1 ಮಿ.ಮೀ. ಕೂಡ ಇರಬಹುದು. ಎರಡರಲ್ಲಿ ಒಂದನ್ನು ಮರೆಮಾಡಿ, ಇಲ್ಲವೇ ಸಾಧ್ಯತೆಯನ್ನು ಕೆಳಗೆ ಬರೀ ಅಂಕಿಗಳ ಸಾಲಾಗಿ ಇಡಿ.

ಇನ್ನೊಂದು ಗೊಂದಲ ಮೊತ್ತದ್ದು. ಆ್ಯಪ್‌ನ ದಿನ ನಡುರಾತ್ರಿಯಿಂದ ನಡುರಾತ್ರಿಗೆ. ಹವಾಮಾನ ಇಲಾಖೆ ಮಳೆ ಅಳೆಯುವ ದಿನ ಬೆಳಿಗ್ಗೆ 8:30ರಿಂದ ಮಾರನೇ ದಿನ 8:30ಕ್ಕೆ. ಅಳೆದ ಮಳೆಯನ್ನು ಬರೆಯುವುದು ಅಳೆದ ದಿನದ ತಾರೀಖಿನಲ್ಲಿ. ಹತ್ತನೇ ತಾರೀಖು ಸಂಜೆಯ ಮಳೆ ಇಲಾಖೆಯ ಪಟ್ಟಿಯಲ್ಲಿ ಹನ್ನೊಂದಕ್ಕೆ ಸೇರುತ್ತದೆ. ಎರಡೂ ಸರಿಯೇ, ಹೋಲಿಸುವವರು ಎಚ್ಚರದಿಂದಿರಬೇಕು ಅಷ್ಟೆ. ದಿನದ ಆರಂಭವನ್ನು ಬದಲಿಸುವ ಸೌಲಭ್ಯ ಆ್ಯಪ್‌ನಲ್ಲಿದ್ದರೆ 8:30 ಎಂದು ಕೊಡಿ.

ತಾಪ, ಮತ್ತು ಎರಡು ಅಕ್ಷಗಳ ಹೊಂದಾಣಿಕೆ

ಬೆಂಗಳೂರು ನಗರದ ದಾಖಲೆಯ ಗರಿಷ್ಠ 39.2 ಡಿಗ್ರಿ, 2016ರ ಏಪ್ರಿಲ್‌ನಲ್ಲಿ; ಕನಿಷ್ಠ 7.8, 1884ರ ಜನವರಿಯಲ್ಲಿ. ಈಗ 10ರ ಕೆಳಗೆ ಇಳಿಯುವುದು ತೀರಾ ಅಪರೂಪ. ಹಾಗಾಗಿ 10–40 ಇಟ್ಟರೆ ವರ್ಷಪೂರ್ತಿ ಕೈ ಹಾಕಬೇಕಿಲ್ಲ. ಮೈಸೂರು, ಮಲೆನಾಡು, ಕರಾವಳಿಗೂ ಇದು ಸರಿಹೊಂದುತ್ತದೆ. ಕಲಬುರಗಿ, ರಾಯಚೂರು, ಬಳ್ಳಾರಿಗೆ 10–45. ಆಟೋ ಬಿಟ್ಟರೆ ಜುಲೈನಲ್ಲಿ ಏನಾಗುತ್ತದೆ ನೋಡಿ: ದಿನವಿಡೀ ಮೋಡ, ತಾಪ 20ರಿಂದ 27ರ ನಡುವೆ. ಅಷ್ಟಕ್ಕೇ ಗೆರೆ ಕಣಿವೆಯಿಂದ ಶಿಖರಕ್ಕೆ ಹತ್ತಿ ಇಳಿಯುತ್ತದೆ, ಏಪ್ರಿಲ್ ಬಿಸಿಲಿನ ಗ್ರಾಫ್‌ಗೂ ಅದಕ್ಕೂ ರೂಪದಲ್ಲಿ ವ್ಯತ್ಯಾಸವೇ ಇರುವುದಿಲ್ಲ.

ತಾಪ ಎಡಗಡೆ, ಮಳೆ ಬಲಗಡೆ. ಎರಡೂ ಅಕ್ಷಗಳ ಅಡ್ಡಗೆರೆಗಳು ಒಂದರ ಮೇಲೊಂದು ಕೂರದಿದ್ದರೆ ಗ್ರಾಫ್ ಮೀನಿನ ಬಲೆಯಾಗುತ್ತದೆ. ಗುಟ್ಟು ಇಷ್ಟೇ: ಎರಡರಲ್ಲೂ ಅಡ್ಡಗೆರೆಗಳ ನಡುವಿನ ಮನೆಗಳ ಸಂಖ್ಯೆ ಒಂದೇ ಇರಬೇಕು. ತಾಪ 10–40, ಹಂತ 5 ಎಂದರೆ ಆರು ಮನೆ. ಮಳೆಗೂ ಆರು ಮನೆ ಬರುವಂತೆ 0–30 ಹಂತ 5, 0–60 ಹಂತ 10, 0–120 ಹಂತ 20, 0–240 ಹಂತ 40, ಇವುಗಳಲ್ಲಿ ಊರಿಗೆ ಹೊಂದುವುದನ್ನು ಆರಿಸಿ. 120ರಲ್ಲಿ ಅತಿ ಭಾರೀ ಮಳೆಯ ಗಡಿ 115.6 ಒಳಗೆ ಬರುತ್ತದೆ, 240ರಲ್ಲಿ 204.5. ತಾಪ 10–45 ಆದರೆ ಏಳು ಮನೆ. ಆಗ ಮಳೆಗೆ 0–70 ಹಂತ 10 ಅಥವಾ 0–140 ಹಂತ 20. ಇಂಚಿನ ಲೆಕ್ಕದವರಿಗೆ ಆರು ಮನೆಗೆ 0–2.4, ಹಂತ 0.4.

ಕಂಬಗಳು ತಾಪದ ಗೆರೆಗೆ ಅಡ್ಡ ಬರುತ್ತಿದ್ದರೆ ಮಳೆಯ ಗರಿಷ್ಠವನ್ನು ದುಪ್ಪಟ್ಟು ಮಾಡಿ. ಮಾಮೂಲು ಮಳೆ ಕೆಳಗಿನ ಮೂರನೇ ಒಂದು ಭಾಗದಲ್ಲಿ ನಿಂತರೆ ಓದಲು ಹಿತ.

‘ಫೀಲ್ಸ್ ಲೈಕ್’ ಗೆರೆಯನ್ನೂ ತಾಪದ ಗೆರೆಯನ್ನೂ ಒಟ್ಟಿಗೆ ಇಡುವ ಅಗತ್ಯವಿಲ್ಲ. ಅದರ ಬದಲು ಇಬ್ಬನಿ ಬಿಂದು, ಅಂದರೆ ಗಾಳಿಯ ತೇವ ನೀರಾಗತೊಡಗುವ ತಾಪ (ಡ್ಯೂ ಪಾಯಿಂಟ್) ಹಾಕಿ. ಅದರ ಮಾನವೂ ಡಿಗ್ರಿಯೇ, ಹೊಸ ಅಕ್ಷ ಬೇಡ. ಬೆಳಗಿನ ಜಾವ ಎರಡು ಗೆರೆಗಳು ಹತ್ತಿರ ಹತ್ತಿರ ಬಂದು ಅಂಟಿಕೊಂಡರೆ ಮಂಜು ಅಥವಾ ಇಬ್ಬನಿ. ಇಬ್ಬನಿ ಬಿಂದು 24ರ ಮೇಲೆ ನಿಂತರೆ ಮಂಗಳೂರಿನ ಮೇ ತಿಂಗಳ ಬೆವರು. ಆರ್ದ್ರತೆಯ ಶೇಕಡಾ ಗೆರೆ ಇಷ್ಟನ್ನು ಹೇಳುವುದಿಲ್ಲ. ತಾಪ ಏರಿದಾಗ ಇಳಿಯುತ್ತದೆ, ಇಳಿದಾಗ ಏರುತ್ತದೆ, ತಾಪದ ಗೆರೆಯನ್ನೇ ಕನ್ನಡಿಯಲ್ಲಿ ನೋಡಿದ ಹಾಗೆ. ಬೇಕೇ ಬೇಕೆಂದರೆ 0–100ಕ್ಕೆ ಕಟ್ಟಿಹಾಕಿ ಬೇರೆ ಪಟ್ಟಿಯಲ್ಲಿಡಿ.

ಒತ್ತಡ: ದಿನಾ ಮಧ್ಯಾಹ್ನ ಬರುವ ಸುಳ್ಳು ಚಂಡಮಾರುತ

ಉಷ್ಣವಲಯದಲ್ಲಿ ವಾತಾವರಣದ ಒತ್ತಡಕ್ಕೆ ಸಮುದ್ರದಂತೆಯೇ ದಿನಕ್ಕೆರಡು ಉಬ್ಬರ, ಎರಡು ಇಳಿತ. ಬೆಳಿಗ್ಗೆ ಮತ್ತು ರಾತ್ರಿ 10ರ ಸುಮಾರಿಗೆ ಹೆಚ್ಚು. ಬೆಳಗಿನ ಜಾವ ಮತ್ತು ಸಂಜೆ 4ರ ಸುಮಾರಿಗೆ ಕಡಿಮೆ. ಏರಿಳಿತ 3–4 ಹೆಕ್ಟೊಪಾಸ್ಕಲ್. ಆಟೋ ಸ್ಕೇಲ್ ಈ 4ನ್ನು ಇಡೀ ಎತ್ತರಕ್ಕೆ ಎಳೆದು, ದಿನಾ ಸಂಜೆ ಒತ್ತಡ ಕುಸಿದು ಬೀಳುವಂತೆ ತೋರಿಸುತ್ತದೆ. ಒತ್ತಡ ಬಿದ್ದರೆ ಮಳೆ ಎಂಬ ನಿಯಮ ಕೇಳಿದವರಿಗೆ ನಿತ್ಯವೂ ಗಾಬರಿ. ಆ ನಿಯಮ ಚಳಿದೇಶಗಳಿಂದ ಬಂದದ್ದು; ಅಲ್ಲಿ ಈ ದೈನಂದಿನ ಉಬ್ಬರ ಚಿಕ್ಕದು, ಹವೆ ಬದಲಾದಾಗಿನ ಕುಸಿತ ದೊಡ್ಡದು.

ಪರಿಹಾರ: ಸಮುದ್ರಮಟ್ಟದ ಒತ್ತಡವನ್ನು ಆರಿಸಿ, ಅಕ್ಷವನ್ನು 1000–1020ಕ್ಕೆ ಕಟ್ಟಿಹಾಕಿ, ಹಂತ 5. ದಿನದ ಉಬ್ಬರ ಆಗ ಮೆಲ್ಲನೆ ಅಲೆಯಾಗುತ್ತದೆ. 24 ಗಂಟೆಯ ಬದಲಾವಣೆ ತೋರಿಸುವ ಆಯ್ಕೆ ಇದ್ದರೆ ಇನ್ನೂ ಒಳ್ಳೆಯದು. ನಿನ್ನೆ ಇದೇ ಹೊತ್ತಿಗೆ ಹೋಲಿಸುವುದರಿಂದ ಉಬ್ಬರ ತಾನಾಗಿಯೇ ಕಳೆದುಹೋಗುತ್ತದೆ.

ಅಕ್ಷ ಕಟ್ಟಿದ ಮೇಲೆ ಗೆರೆಯೇ ಮಾಯವಾಯಿತೇ? ಹಾಗಿದ್ದರೆ ಆ್ಯಪ್ ತೋರಿಸುತ್ತಿರುವುದು ಫೋನಿನ ಸೆನ್ಸರ್ ಅಳೆದ ಸ್ಥಳೀಯ ಒತ್ತಡ. ಸಮುದ್ರಮಟ್ಟದಿಂದ 900 ಮೀಟರಿಗೂ ಮೇಲಿರುವ ಬೆಂಗಳೂರಿನಲ್ಲಿ ಅದು 910ರ ಆಸುಪಾಸು. 1999ರ ಒಡಿಶಾ ಮಹಾಚಂಡಮಾರುತದ ಕೇಂದ್ರದಲ್ಲಿದ್ದ ಒತ್ತಡ 912. ತಿದ್ದದ ಅಂಕಿ ನೋಡಿದರೆ ಬೆಂಗಳೂರು ವರ್ಷವಿಡೀ ಚಂಡಮಾರುತದ ಕಣ್ಣಿನಲ್ಲಿದೆ! ಸೆಟ್ಟಿಂಗ್ಸ್‌ನಲ್ಲಿ ‘ಸೀ ಲೆವೆಲ್’ ಆರಿಸಿ, ಅಥವಾ ಊರಿನ ಎತ್ತರವನ್ನು ಮೀಟರ್‌ಗಳಲ್ಲಿ ಕೊಡಿ. ಅಡಿಯಲ್ಲಿ ಕೊಟ್ಟರೆ ಲೆಕ್ಕ ಪೂರ್ತಿ ಹಾಳು. ಸುಮಾರು 9 ಮೀಟರ್ ಎತ್ತರಕ್ಕೆ 1 ಹೆಕ್ಟೊಪಾಸ್ಕಲ್ ವ್ಯತ್ಯಾಸ ಬರುವುದರಿಂದ ಮೂರು ಮಹಡಿ ಹತ್ತಿದರೂ ಸೆನ್ಸರ್ ಗೆರೆ ಇಳಿಯುತ್ತದೆ. ಶಿರಾಡಿ ಘಾಟಿ ಇಳಿದು ಮಂಗಳೂರಿಗೆ ಹೋದರೆ ಬೆಂಗಳೂರಿನ ಲೆಕ್ಕಕ್ಕಿಂತ ನೂರರಷ್ಟು ಏರಿರುತ್ತದೆ. ಓಡಾಡುವವರು ಸೆನ್ಸರ್ ಗ್ರಾಫ್ ಆಫ್ ಮಾಡಿ ಮಾದರಿಯ ಅಂಕಿಯನ್ನೇ ನಂಬುವುದು ಸುಖ.

ಗಾಳಿ ಮತ್ತು ಉಳಿದವು

ವೇಗಕ್ಕೆ 0–60 ಕಿ.ಮೀ., ಹಂತ 10. ಬೀಸುಗಾಳಿಯನ್ನು, ಅಂದರೆ ಗಸ್ಟನ್ನು ತೆಳು ಗೆರೆಯಾಗಿ ಅದೇ ಅಕ್ಷದಲ್ಲಿ ಇಡಿ. ದಿಕ್ಕನ್ನು ಮಾತ್ರ ಗೆರೆಯಾಗಿ ಬಿಡಿಸಲೇಬೇಡಿ. ದಿಕ್ಕಿನ ಡಿಗ್ರಿ 360 ಮುಟ್ಟಿದ ಕೂಡಲೇ ಮತ್ತೆ ಸೊನ್ನೆ. ಉತ್ತರದ ಗಾಳಿ 350ರಿಂದ 10ಕ್ಕೆ ತುಸು ತಿರುಗಿದರೂ ಗೆರೆ ಚಾವಣಿಯಿಂದ ನೆಲಕ್ಕೆ ಬೀಳುತ್ತದೆ. ಬಾಣಗಳನ್ನು ಹಾಕಿ. ಬಾಣದ ಮೊನೆ ಗಾಳಿ ಹೋಗುವ ಕಡೆಗೋ ಬರುವ ಕಡೆಗೋ ಎಂಬುದು ಆ್ಯಪ್‌ನಿಂದ ಆ್ಯಪ್‌ಗೆ ಬದಲಾಗುತ್ತದೆ. ಪರೀಕ್ಷೆ ಸುಲಭ: ಜುಲೈನಲ್ಲಿ ನಮ್ಮ ಗಾಳಿ ಪಶ್ಚಿಮದಿಂದ ಬೀಸುತ್ತದೆ. ಬಾಣ ಬಲಕ್ಕೆ ಮೊನೆ ಮಾಡಿದ್ದರೆ ಹೋಗುವ ಕಡೆ ತೋರಿಸುತ್ತಿದೆ ಎಂದರ್ಥ.

ಬಿಸಿಲಿನ ಅತಿನೇರಳೆ ಕಿರಣದ ತೀವ್ರತೆ ಹೇಳುವ ಯುವಿ ಸೂಚ್ಯಂಕಕ್ಕೆ 0–15 ಸಾಕು. 11ರ ಮೇಲೆ ವಿಪರೀತ, ನಮ್ಮ ಬೇಸಿಗೆ ನಡುಹಗಲಲ್ಲಿ ಅದು ಅಪರೂಪವಲ್ಲ. ಗಾಳಿಯ ಗುಣಮಟ್ಟ ತೋರಿಸುವುದಿದ್ದರೆ ಯಾವ ದೇಶದ ಸೂಚ್ಯಂಕ ಎಂದು ನೋಡಿಕೊಳ್ಳಿ. ಭಾರತದ ಪಟ್ಟಿಯಲ್ಲಿ 101–200 ಒಂದೇ ವರ್ಗ, ಅಮೆರಿಕದ್ದರಲ್ಲಿ ಅದು 150ಕ್ಕೆ ಎರಡಾಗಿ ಒಡೆಯುತ್ತದೆ. ಬಣ್ಣಗಳೂ ಬೇರೆ ಬೇರೆ ಕಡೆ ಬದಲಾಗುತ್ತವೆ.

ಕಾಲದ ಅಕ್ಷ

ಬಟ್ಟೆ ಒಣಗಿಸಲು, ಔಷಧಿ ಹೊಡೆಯಲು, ಅಡಿಕೆ ಹರಡಲು 48 ಗಂಟೆಯ ಗ್ರಾಫ್ ಸಾಕು. ವಾರದ ಗ್ರಾಫ್ ಬೇರೆಯೇ ಇಟ್ಟುಕೊಳ್ಳಿ. ಎರಡನ್ನೂ ಒಂದರಲ್ಲಿ ತುರುಕಿದರೆ ಗಂಟೆಗಳು ಕೂದಲೆಳೆಯಷ್ಟು ಸಣ್ಣವಾಗುತ್ತವೆ. ಆರನೇ ದಿನದ ಮಧ್ಯಾಹ್ನ ಮೂರಕ್ಕೆ ಮಳೆ ಎಂದು ಗಂಟೆ ಹೇಳುವ ಕಂಬವನ್ನು ದಿನದ ಮೊತ್ತವಾಗಿ ಮಾತ್ರ ಓದಬೇಕು.

ನಡುರಾತ್ರಿಗೆ ದಪ್ಪ ಲಂಬಗೆರೆ, ಪ್ರತಿ 6 ಗಂಟೆಗೆ ತೆಳು ಗೆರೆ, ರಾತ್ರಿಗೆ ಬೂದು ನೆರಳು. 24 ಗಂಟೆಯ ಗಡಿಯಾರ ಹಾಕಿದರೆ 12ರ ಗೊಂದಲ ಇಲ್ಲ. ಮೂರು ಗಂಟೆಯ ಅಂಕಿಗಳು ಗೆರೆಗಳ ಮೇಲೆ ಸರಿಯಾಗಿ ಕೂರದೆ 5:30, 8:30, 11:30, 14:30ಕ್ಕೆ ಬಂದರೆ ಅದು ದೋಷವಲ್ಲ. ಮಾದರಿಗಳು ಜಾಗತಿಕ ಸಮಯದಲ್ಲಿ ಲೆಕ್ಕ ಹಾಕುತ್ತವೆ, ನಾವು ಅದಕ್ಕಿಂತ ಐದೂವರೆ ಗಂಟೆ ಮುಂದೆ.

ದಿನದ ಗರಿಷ್ಠ ತಾಪ ಬೆಳಿಗ್ಗೆ 9ಕ್ಕೆ ಕಂಡರೆ ಆ್ಯಪ್ ಆ ಜಾಗತಿಕ ಸಮಯವನ್ನೇ ತೋರಿಸುತ್ತಿದೆ. ಅಮೆರಿಕದ ಪೂರ್ವ ಕರಾವಳಿಯಲ್ಲಿ ಕೂತು ಶಿವಮೊಗ್ಗದ ಅಪ್ಪ–ಅಮ್ಮನ ಊರಿನ ಹವೆ ನೋಡುವವರಿಗೆ ಬಿಸಿಲಿನ ಶಿಖರ ನಸುಕಿನ 4–5 ಗಂಟೆಗೆ ಕಾಣುತ್ತದೆ, ಫೋನಿನ ಸಮಯ ಹಿಡಿದಿರುವುದರಿಂದ. ಟೈಂ ಝೋನ್ ಆಯ್ಕೆಯಲ್ಲಿ ಸ್ಥಳದ ಸಮಯ ಎಂದು ಬದಲಿಸಿ. ಹವಾಮಾನದ ಅಂಕಿ ಒದಗಿಸುವ ಓಪನ್–ಮೀಟಿಯೊ ಜಾಲತಾಣದಿಂದ ಅಂಕಿ ತರುವವರು ಸಮಯವಲಯವನ್ನು Asia/Kolkata ಎಂದು ಕೊಡಬೇಕು. ಅಲ್ಲಿ ಗಂಟೆಯ ಮಳೆ ಎಂದರೆ ಹಿಂದಿನ ಒಂದು ಗಂಟೆಯ ಮೊತ್ತ. 17:00ರ ಕಂಬ ನಾಲ್ಕರಿಂದ ಐದರ ಮಳೆ. ಐದರಿಂದ ಆರರದ್ದು ಎಂದು ಓದಿದವರು ನೆನೆಯುತ್ತಾರೆ.

ಗೆರೆ, ಬಣ್ಣ, ವಿಜೆಟ್

‘ಸ್ಮೂತ್’ ಆಯ್ಕೆ ಗೆರೆಯನ್ನು ನುಣುಪಾಗಿಸುತ್ತದೆ, ಜೊತೆಗೆ ಇಲ್ಲದ ಅಂಕಿಗಳನ್ನೂ ಹುಟ್ಟಿಸುತ್ತದೆ. ತಿರುವುಗಳಲ್ಲಿ ಗೆರೆ ನಿಜವಾದ ಗರಿಷ್ಠಕ್ಕಿಂತ ಮೇಲೆ ಉಬ್ಬುತ್ತದೆ. ಮಳೆಯನ್ನು ಗೆರೆಯಾಗಿ ಬಿಡಿಸಿದ್ದರೆ ಸೊನ್ನೆಗಿಂತ ಕೆಳಗೂ ಜಾರುತ್ತದೆ. ತಾಪಕ್ಕೆ ಬೇಕಾದರೆ ಇರಲಿ, ಮಳೆಗೆ ಬೇಡ.

ಗೆರೆಯ ದಪ್ಪ 2ರಿಂದ 3. ಒಂದರ ಗೆರೆ ಮನೆಯೊಳಗೆ ಚೆಂದ, ಗದ್ದೆಯ ಬಿಸಿಲಲ್ಲಿ ಕಾಣುವುದಿಲ್ಲ. ಗರಿಷ್ಠಕ್ಕೆ ಕೆಂಪು, ಕನಿಷ್ಠಕ್ಕೆ ಹಸಿರು ಹಾಕಬೇಡಿ. ಕೆಂಪು–ಹಸಿರು ಬೇರೆ ಮಾಡಲಾಗದ ಕಣ್ಣಿಗೆ ಎರಡೂ ಒಂದೇ. ಕಿತ್ತಳೆ ಮತ್ತು ನೀಲಿ ಬಹುತೇಕ ಎಲ್ಲರಿಗೂ ಬೇರೆಯಾಗಿಯೇ ಕಾಣುತ್ತವೆ.

ವಿಜೆಟ್‌ನ ಎತ್ತರ ಹೋಂ ಸ್ಕ್ರೀನಿನ ಎರಡು ಐಕಾನ್ ಸಾಲಿನಷ್ಟೇ ಇದ್ದರೆ ಆರು ಅಡ್ಡಗೆರೆ ಹಿಡಿಸುವುದಿಲ್ಲ. ತಾಪಕ್ಕೆ ಹಂತ 10, ಮಳೆಗೆ 20 ಮಾಡಿ ಮೂರು ಮನೆಗೆ ಇಳಿಸಿ. ಅಕ್ಷದ ಗಡಿ ಅದೇ ಇರಲಿ. ಗ್ರಾಫ್ ಹಳೆಯ ಗಂಟೆಯಲ್ಲೇ ನಿಂತುಬಿಟ್ಟರೆ ಸ್ಕೇಲ್‌ನ ತಪ್ಪಲ್ಲ, ಆಂಡ್ರಾಯ್ಡ್ ಫೋನ್ ಬ್ಯಾಟರಿ ಉಳಿಸಲು ಆ್ಯಪನ್ನು ಮಲಗಿಸಿದೆ. ಫೋನಿನ ಸೆಟ್ಟಿಂಗ್ಸ್‌ನಲ್ಲಿ ಆ ಆ್ಯಪ್‌ನ ಬ್ಯಾಟರಿ ಪುಟಕ್ಕೆ ಹೋಗಿ ‘ಅನ್‌ರಿಸ್ಟ್ರಿಕ್ಟೆಡ್’ ಮಾಡಿ.

ಆ್ಯಪ್ ಒಪ್ಪದಿದ್ದರೆ: ಗೂಗಲ್ ಶೀಟ್ಸ್

ಮಳೆಮಾಪಕ ಇಟ್ಟುಕೊಂಡು ಪುಸ್ತಕದಲ್ಲಿ ಬರೆಯುವವರಿಗೆ ಇದೇ ಹೆಚ್ಚು ಉಪಯೋಗ. ಚಾರ್ಟ್‌ನ ಪೂರ್ಣ ಸೆಟ್ಟಿಂಗ್‌ಗಳು ಕಂಪ್ಯೂಟರ್‌ನಲ್ಲೇ ಸಿಗುವುದರಿಂದ ಮೊಬೈಲ್‌ನಲ್ಲಿ ಅಂಕಿ ತುಂಬಿ, ಗ್ರಾಫನ್ನು ಕಂಪ್ಯೂಟರ್‌ನಲ್ಲಿ ಮಾಡಿ.

1. ಮೊದಲು ಫೈಲ್, ಸೆಟ್ಟಿಂಗ್ಸ್, ಲೊಕೇಲ್ ಹೋಗಿ ಇಂಡಿಯಾ ಆರಿಸಿ. ಅಮೆರಿಕದ ಲೊಕೇಲ್ ಇದ್ದರೆ 1/6 ಎಂದು ಬರೆದ ಜೂನ್ ಒಂದು ಜನವರಿ ಆರಾಗುತ್ತದೆ. 13ನೇ ತಾರೀಖಿನಿಂದ ಮುಂದಿನವು ದಿನಾಂಕವೇ ಆಗದೆ ಬರೀ ಅಕ್ಷರವಾಗಿ ಉಳಿಯುತ್ತವೆ, ಗ್ರಾಫ್ ಚದುರಿಹೋಗುತ್ತದೆ.

2. ನಾಲ್ಕು ಕಂಬಸಾಲು (ಕಾಲಂ): ದಿನಾಂಕ, ಗರಿಷ್ಠ, ಕನಿಷ್ಠ, ಮಳೆ. ಮಳೆ ಬರದ ದಿನ 0 ಬರೆಯಿರಿ. ಅಳೆಯದ ದಿನ ಖಾಲಿ ಬಿಡಿ. ಇವೆರಡನ್ನು ಬೆರೆಸಿದರೆ ವರ್ಷದ ಲೆಕ್ಕ ಕೆಡುತ್ತದೆ. ‘ತುಂತುರು’, ‘5 ಮಿ.ಮೀ.’ ಎಂದು ಅಕ್ಷರ ಸೇರಿಸಿದರೆ ಆ ಮನೆ ಅಂಕಿಯಾಗಿ ಉಳಿಯುವುದಿಲ್ಲ.

3. ಎಲ್ಲ ಆಯ್ದು ಇನ್ಸರ್ಟ್, ಚಾರ್ಟ್. ಬಲಗಡೆ ತೆರೆಯುವ ಚಾರ್ಟ್ ಎಡಿಟರ್‌ನ ಸೆಟಪ್‌ನಲ್ಲಿ ಕಾಂಬೊ ಚಾರ್ಟ್ ಆರಿಸಿ.

4. ಕಸ್ಟಮೈಸ್, ಸೀರೀಸ್‌ಗೆ ಹೋಗಿ ಮಳೆಯ ಸಾಲನ್ನು ಆರಿಸಿ, ಬಗೆಯನ್ನು ಕಾಲಂಸ್ ಮಾಡಿ, ಆ್ಯಕ್ಸಿಸ್ ಜಾಗದಲ್ಲಿ ರೈಟ್ ಆ್ಯಕ್ಸಿಸ್ ಕೊಡಿ. ಉಳಿದೆರಡು ಲೈನ್ ಆಗಿರಲಿ.

5. ವರ್ಟಿಕಲ್ ಆ್ಯಕ್ಸಿಸ್‌ನಲ್ಲಿ ಮಿನ್ 10, ಮ್ಯಾಕ್ಸ್ 40. ರೈಟ್ ವರ್ಟಿಕಲ್ ಆ್ಯಕ್ಸಿಸ್‌ನಲ್ಲಿ 0 ಮತ್ತು 60. ಗ್ರಿಡ್‌ಲೈನ್ಸ್ ಅಂಡ್ ಟಿಕ್ಸ್‌ನಲ್ಲಿ ಎಡಕ್ಕೆ 5, ಬಲಕ್ಕೆ 10ರ ಹಂತ.

ರೈಟ್ ವರ್ಟಿಕಲ್ ಆ್ಯಕ್ಸಿಸ್ ಪಟ್ಟಿಯಲ್ಲೇ ಕಾಣದಿದ್ದರೆ ನಾಲ್ಕನೇ ಹೆಜ್ಜೆ ತಪ್ಪಿದೆ. ಯಾವುದಾದರೂ ಒಂದು ಸಾಲು ಬಲಕ್ಕೆ ಹೋಗುವ ತನಕ ಆ ಅಕ್ಷ ಹುಟ್ಟುವುದಿಲ್ಲ. ಭಾರೀ ಮಳೆಯ ಗಡಿಗೆರೆ ಬೇಕೆಂದರೆ ಐದನೇ ಕಂಬಸಾಲಿನಲ್ಲಿ ಪ್ರತಿ ದಿನಾಂಕಕ್ಕೂ 64.5 ತುಂಬಿ, ಅದನ್ನೂ ಬಲ ಅಕ್ಷಕ್ಕೆ ಗೆರೆಯಾಗಿ ಹಾಕಿ, ಬಲದ ಮ್ಯಾಕ್ಸ್ 120 ಮಾಡಿ. ಆ ಗೆರೆಯನ್ನು ಎಡ ಅಕ್ಷದಲ್ಲೇ ಬಿಟ್ಟರೆ 40ರ ಮೇಲಿರುವುದರಿಂದ ಕಾಣಿಸಿಕೊಳ್ಳುವುದೇ ಇಲ್ಲ.

ಆರಿದ್ರೆ, ಪುನರ್ವಸು, ಪುಷ್ಯ ಎಂದು ನಕ್ಷತ್ರದ ಲೆಕ್ಕದಲ್ಲಿ ಮಳೆ ನೋಡುವವರು ದಿನಾಂಕದ ಪಕ್ಕ ಮಳೆ ನಕ್ಷತ್ರದ ಹೆಸರಿನ ಇನ್ನೊಂದು ಕಂಬಸಾಲು ಇಟ್ಟು, ಇನ್ಸರ್ಟ್‌ನ ಪಿವಟ್ ಟೇಬಲ್‌ನಲ್ಲಿ ಹೆಸರುವಾರು ಮೊತ್ತ ತೆಗೆಯಬಹುದು. ಒಂದೊಂದೂ 13–14 ದಿನ ಇರುವುದರಿಂದ ಕಂಬಗಳ ಹೋಲಿಕೆಗೆ ಮೋಸವಿಲ್ಲ. ಪಿವಟ್ ಹೆಸರುಗಳನ್ನು ಅಕ್ಷರ ಕ್ರಮದಲ್ಲಿ ಜೋಡಿಸುತ್ತದೆ. 01, 02 ಎಂದು ಹೆಸರಿನ ಮುಂದೆ ಅಂಕಿ ಸೇರಿಸಿದರೆ ಮಳೆಗಾಲದ ಕ್ರಮ ಉಳಿಯುತ್ತದೆ.

ವರ್ಷಗಳನ್ನು ಹೋಲಿಸಲು ದಿನದ ಕಂಬಕ್ಕಿಂತ ಕೂಡುಮೊತ್ತ ವಾಸಿ. ಜನವರಿ 1ರಿಂದ ಹಿಂದಿನ ದಿನದ ಮೊತ್ತಕ್ಕೆ ಇವತ್ತಿನ ಮಳೆ ಕೂಡಿಸುತ್ತಾ ಹೋಗಿ, ವರ್ಷಕ್ಕೊಂದು ಗೆರೆ. ಇಲ್ಲಿ ಅಕ್ಷದ ಗರಿಷ್ಠ ಊರಿನ ವಾರ್ಷಿಕ ಮಳೆಯ ಒಂದೂವರೆ ಪಟ್ಟು ಇರಲಿ. ಕೆಳಗಿನ ಅಕ್ಷದಲ್ಲಿ ದಿನಾಂಕದ ಬದಲು ವರ್ಷದ ಎಷ್ಟನೇ ದಿನ ಎಂಬ 1ರಿಂದ 366ರ ಅಂಕಿ ಹಾಕಿ. ದಿನಾಂಕವನ್ನೇ ಬಿಟ್ಟರೆ ಗೆರೆಗಳು ಒಂದರ ಮೇಲೊಂದು ಬರದೆ ವರ್ಷದ ಪಕ್ಕ ವರ್ಷವಾಗಿ ಉದ್ದಕ್ಕೆ ಸಾಗುತ್ತವೆ.